ಹೆಸರು ಬದಲಿಸಿದರೂ ತೆರೆಯದ ಬಾಗಿಲು: ಐರೋಪ್ಯ ಒಕ್ಕೂಟದ ಹೊಸ್ತಿಲಲ್ಲಿ ಒಂಬತ್ತು ರಾಷ್ಟ್ರಗಳು

ಮದರ್ ತೆರೇಸಾ 1910ರಲ್ಲಿ ಜನಿಸಿದ ಸ್ಕೋಪಿಯೆ ನಗರ ಇಂದು ಉತ್ತರ ಮ್ಯಾಸಿಡೋನಿಯಾದ ರಾಜಧಾನಿ. ಬಾಲ್ಕನ್ ಪ್ರದೇಶದ ಈ ಪುಟ್ಟ ರಾಷ್ಟ್ರದ ಹೆಸರಿಗೆ 'ಉತ್ತರ' ಎಂಬ ಪದ ಸೇರಿಕೊಂಡದ್ದು 2019ರ ಫೆಬ್ರುವರಿಯಲ್ಲಿ. ಅದು ಅಲ್ಲಿನ ಜನರ ಬಹುದಿನದ ಬೇಡಿಕೆಯೇನೂ ಆಗಿರಲಿಲ್ಲ. ಐರೋಪ್ಯ ಒಕ್ಕೂಟದ ಸದಸ್ಯನಾಗಬೇಕಿದ್ದರೆ ನೆರೆಯ ಗ್ರೀಸ್ ದೇಶದ ಒಪ್ಪಿಗೆ ಅನಿವಾರ್ಯವಾಗಿತ್ತು; ಆ ಒಪ್ಪಿಗೆಗೆ ತೆತ್ತ ಬೆಲೆಯೇ ದೇಶದ ಹೆಸರು. ಇಷ್ಟಾದರೂ ಬಾಗಿಲು ತೆರೆಯಲಿಲ್ಲ. ಗ್ರೀಸ್ ಸುಮ್ಮನಾದ ಬಳಿಕ ಫ್ರಾನ್ಸ್ ತಕರಾರು ತೆಗೆಯಿತು. ಫ್ರಾನ್ಸ್ ಸಮಾಧಾನಗೊಂಡ ಮೇಲೆ ಬಲ್ಗೇರಿಯಾ ಅಡ್ಡ ನಿಂತಿತು.

ಐರೋಪ್ಯ ಒಕ್ಕೂಟದ ವಿಸ್ತರಣೆಯ ಬಗ್ಗೆ ಬರುವ ವರದಿಗಳಲ್ಲಿ 'ಅಭ್ಯರ್ಥಿ ರಾಷ್ಟ್ರ' ಎಂಬ ಪದ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅಭ್ಯರ್ಥಿಯಾದ ರಾಷ್ಟ್ರ ಪರೀಕ್ಷೆ ಬರೆದು ತೇರ್ಗಡೆಯಾದರೆ ಸದಸ್ಯತ್ವ ಖಚಿತ ಎಂಬ ಭಾವನೆ ಸಹಜವಾಗಿಯೇ ಮೂಡುತ್ತದೆ. ವಾಸ್ತವ ಬೇರೆಯೇ ಇದೆ. ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು ಅರ್ಧ ದಾರಿ ಮಾತ್ರ. ಒಳಗಿರುವ 27 ರಾಷ್ಟ್ರಗಳಲ್ಲಿ ಒಂದೇ ಒಂದು ತಲೆಯಾಡಿಸದಿದ್ದರೂ ಉಳಿದರ್ಧ ದಾರಿ ಮುಚ್ಚಿಹೋಗುತ್ತದೆ.

ಸರತಿಯಲ್ಲಿ ಯಾರಿದ್ದಾರೆ?

ಒಕ್ಕೂಟಕ್ಕೆ ಕೊನೆಯದಾಗಿ ಸೇರಿದ ರಾಷ್ಟ್ರ ಕ್ರೊಯೇಷಿಯಾ. ಅದು ಸದಸ್ಯನಾದದ್ದು 2013ರ ಜುಲೈ 1ರಂದು. ಆನಂತರ ಹೊಸಬರು ಯಾರೂ ಒಳಗೆ ಬಂದಿಲ್ಲ. ಬದಲಿಗೆ 2020ರ ಜನವರಿ 31ರಂದು ಬ್ರಿಟನ್ ಹೊರನಡೆಯಿತು. ಸದಸ್ಯರ ಸಂಖ್ಯೆ 28ರಿಂದ 27ಕ್ಕೆ ಇಳಿಯಿತು.

2025ರ ಅಂತ್ಯದ ವೇಳೆಗೆ ಅಭ್ಯರ್ಥಿ ಸ್ಥಾನಮಾನ ಪಡೆದಿದ್ದ ರಾಷ್ಟ್ರಗಳು ಒಂಬತ್ತು. ಟರ್ಕಿ 1999ರಲ್ಲಿ ಈ ಸ್ಥಾನ ಪಡೆಯಿತು. ಉತ್ತರ ಮ್ಯಾಸಿಡೋನಿಯಾಕ್ಕೆ 2005ರಲ್ಲಿ, ಮಾಂಟೆನೆಗ್ರೊಗೆ 2010ರಲ್ಲಿ, ಸರ್ಬಿಯಾಕ್ಕೆ 2012ರಲ್ಲಿ, ಅಲ್ಬೇನಿಯಾಕ್ಕೆ 2014ರಲ್ಲಿ ಅದು ದೊರೆಯಿತು. ಉಕ್ರೇನ್ ಮತ್ತು ಮಾಲ್ಡೋವಾ 2022ರ ಜೂನ್‌ನಲ್ಲಿ, ಬೋಸ್ನಿಯಾ-ಹರ್ಜೆಗೊವಿನಾ ಅದೇ ವರ್ಷದ ಡಿಸೆಂಬರ್‌ನಲ್ಲಿ, ಜಾರ್ಜಿಯಾ 2023ರ ಡಿಸೆಂಬರ್‌ನಲ್ಲಿ ಪಟ್ಟಿಗೆ ಸೇರಿದವು. 2022ರಲ್ಲಿ ಅರ್ಜಿ ಸಲ್ಲಿಸಿದ ಕೊಸೊವೊ 'ಸಂಭಾವ್ಯ ಅಭ್ಯರ್ಥಿ' ಎಂದಷ್ಟೇ ಪರಿಗಣಿತವಾಗಿದೆ.

ಈ ರಾಷ್ಟ್ರಗಳಿಗೆ ಸದಸ್ಯತ್ವದ ಹಂಬಲ ಏಕೆ ಎಂಬುದನ್ನು ವಿವರಿಸುವುದು ಕಷ್ಟವಲ್ಲ. ಸುಂಕವಿಲ್ಲದ ಬೃಹತ್ ಮಾರುಕಟ್ಟೆ, ಯಾವ ಸದಸ್ಯ ದೇಶದಲ್ಲಾದರೂ ನೆಲೆಸಿ ದುಡಿಯುವ ಹಕ್ಕು, ಹಿಂದುಳಿದ ಪ್ರದೇಶಗಳ ರಸ್ತೆ, ಕೃಷಿ, ಶಿಕ್ಷಣಕ್ಕೆ ಒಕ್ಕೂಟದ ಬೊಕ್ಕಸದಿಂದ ಹರಿದುಬರುವ ನೆರವು ಇವೆಲ್ಲ ಆಕರ್ಷಣೆಗಳೇ. ರಷ್ಯಾದ ನೆರಳಿನಲ್ಲಿರುವ ಉಕ್ರೇನ್, ಮಾಲ್ಡೋವಾಗಳಿಗಂತೂ ಇದು ಭದ್ರತೆಯ ಪ್ರಶ್ನೆಯೂ ಹೌದು.

ಪ್ರವೇಶದ ವಿಧಿವಿಧಾನ

ಐರೋಪ್ಯ ಒಕ್ಕೂಟ ಒಪ್ಪಂದದ 49ನೇ ವಿಧಿಯ ಪ್ರಕಾರ, ಒಕ್ಕೂಟದ ಮೌಲ್ಯಗಳನ್ನು ಗೌರವಿಸುವ ಯಾವುದೇ ಐರೋಪ್ಯ ರಾಷ್ಟ್ರ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಬಹುದು. ಅರ್ಹತೆಯ ಮಾನದಂಡಗಳನ್ನು 1993ರಲ್ಲಿ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ನಡೆದ ಶೃಂಗಸಭೆ ನಿಗದಿಪಡಿಸಿತು. ಅವು ಮೂರು. ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಮಾನವ ಹಕ್ಕು ಮತ್ತು ಅಲ್ಪಸಂಖ್ಯಾತರ ರಕ್ಷಣೆಯನ್ನು ಖಾತರಿಪಡಿಸುವ ಸ್ಥಿರ ಸಂಸ್ಥೆಗಳಿರಬೇಕು. ಒಕ್ಕೂಟದೊಳಗಿನ ಪೈಪೋಟಿಯನ್ನು ತಾಳಿಕೊಳ್ಳಬಲ್ಲ ಮಾರುಕಟ್ಟೆ ಆರ್ಥಿಕತೆ ಇರಬೇಕು. ಒಕ್ಕೂಟದ ಸಮಸ್ತ ಕಾನೂನನ್ನು ತನ್ನದಾಗಿಸಿಕೊಂಡು ಜಾರಿಗೊಳಿಸುವ ಸಾಮರ್ಥ್ಯವಿರಬೇಕು.

ಅರ್ಜಿ ಬಂದ ಬಳಿಕ ಐರೋಪ್ಯ ಆಯೋಗ ಅದನ್ನು ಪರಿಶೀಲಿಸಿ ಅಭಿಪ್ರಾಯ ನೀಡುತ್ತದೆ. ಸದಸ್ಯ ರಾಷ್ಟ್ರಗಳು ಒಪ್ಪಿದರೆ ಅಭ್ಯರ್ಥಿ ಸ್ಥಾನ ಲಭಿಸುತ್ತದೆ. ಅನಂತರದ ಹಂತವೇ ಮಾತುಕತೆ. ಒಕ್ಕೂಟದ ಕಾನೂನನ್ನು ಇದಕ್ಕಾಗಿ 35 ಅಧ್ಯಾಯಗಳಾಗಿ ವಿಂಗಡಿಸಲಾಗಿದ್ದು, 2020ರ ಪರಿಷ್ಕೃತ ವಿಧಾನದಂತೆ ಅವುಗಳನ್ನು ಆರು ಗುಚ್ಛಗಳಲ್ಲಿ ಜೋಡಿಸಲಾಗಿದೆ. ಮೀನುಗಾರಿಕೆಯಿಂದ ನ್ಯಾಯಾಂಗದವರೆಗೆ, ಆಹಾರ ಸುರಕ್ಷತೆಯಿಂದ ತೆರಿಗೆಯವರೆಗೆ ಎಲ್ಲವೂ ಇದರಲ್ಲಿ ಅಡಕ. ನ್ಯಾಯಾಂಗ, ಮೂಲಭೂತ ಹಕ್ಕು ಮೊದಲಾದವುಗಳನ್ನು ಒಳಗೊಂಡ ಮೊದಲ ಗುಚ್ಛವನ್ನು ಎಲ್ಲಕ್ಕಿಂತ ಮುಂಚೆ ತೆರೆಯಬೇಕು, ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು.

'ಮಾತುಕತೆ' ಎಂಬ ಪದ ಇಲ್ಲಿ ತುಸು ದಾರಿ ತಪ್ಪಿಸುವಂಥದ್ದು. ಕಾನೂನಿನಲ್ಲಿ ಏನಿರಬೇಕು ಎಂಬುದರ ಬಗ್ಗೆ ಚೌಕಾಸಿಗೆ ಆಸ್ಪದವಿಲ್ಲ. ಅದನ್ನು ಎಂದಿನೊಳಗೆ ಮತ್ತು ಹೇಗೆ ಜಾರಿಗೆ ತರುತ್ತೀರಿ ಎಂಬುದಷ್ಟೇ ಚರ್ಚೆಯ ವಿಷಯ. ಎಲ್ಲ ಅಧ್ಯಾಯಗಳೂ ಮುಗಿದ ಮೇಲೆ ಪ್ರವೇಶ ಒಪ್ಪಂದ ಸಿದ್ಧವಾಗುತ್ತದೆ. ಅದಕ್ಕೆ ಐರೋಪ್ಯ ಸಂಸತ್ತಿನ ಸಮ್ಮತಿ ಬೇಕು, ಸದಸ್ಯ ಸರ್ಕಾರಗಳ ಸರ್ವಾನುಮತ ಬೇಕು, ಪ್ರತಿಯೊಂದು ಸದಸ್ಯ ರಾಷ್ಟ್ರವೂ ತನ್ನ ಸಂವಿಧಾನದ ಕ್ರಮದಂತೆ ಅದನ್ನು ಸ್ಥಿರೀಕರಿಸಬೇಕು. ಉದಾಹರಣೆಗೆ, ಫ್ರಾನ್ಸ್ ಸಂವಿಧಾನದ ಪ್ರಕಾರ ಹೊಸ ಸದಸ್ಯನ ಪ್ರವೇಶಕ್ಕೆ ಜನಮತಗಣನೆ ನಡೆಯಬೇಕು. ಅದನ್ನು ತಪ್ಪಿಸಬೇಕಿದ್ದರೆ ಸಂಸತ್ತಿನಲ್ಲಿ ಐದನೇ ಮೂರರಷ್ಟು ಬಹುಮತ ಬೇಕು.

ಸರ್ವಾನುಮತದ ಷರತ್ತು ಕೊನೆಯ ಹಂತಕ್ಕೆ ಸೀಮಿತವಾಗಿದ್ದರೆ ಇಷ್ಟೊಂದು ತೊಡಕು ಇರುತ್ತಿರಲಿಲ್ಲ. ಅಭ್ಯರ್ಥಿ ಸ್ಥಾನ ನೀಡಲು, ಮಾತುಕತೆ ಆರಂಭಿಸಲು, ಅಧ್ಯಾಯ ತೆರೆಯಲು, ಮುಚ್ಚಲು ಹೀಗೆ ಪ್ರತಿ ಮೆಟ್ಟಿಲಲ್ಲೂ 27 ರಾಷ್ಟ್ರಗಳು ಒಪ್ಪಬೇಕು. 'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯಂತೆ, ಆಯೋಗ ಅರ್ಹನೆಂದು ಪ್ರಮಾಣಪತ್ರ ಕೊಟ್ಟರೂ ಸದಸ್ಯನೊಬ್ಬ ತಡೆಯಬಹುದು. ಉತ್ತರ ಮ್ಯಾಸಿಡೋನಿಯಾದ ಕಥೆ ಇದಕ್ಕೆ ಅತ್ಯುತ್ತಮ ನಿದರ್ಶನ.

ಹೆಸರಿಗಾಗಿ 27 ವರ್ಷಗಳ ಜಗಳ

ಯುಗೊಸ್ಲಾವಿಯಾ ಒಡೆದಾಗ ಮ್ಯಾಸಿಡೋನಿಯಾ 1991ರ ಸೆಪ್ಟೆಂಬರ್‌ನಲ್ಲಿ ಜನಮತಗಣನೆ ನಡೆಸಿ, ರಕ್ತಪಾತವಿಲ್ಲದೆ ಸ್ವತಂತ್ರವಾಯಿತು. ಆದರೆ ದಕ್ಷಿಣದ ನೆರೆಯ ಗ್ರೀಸ್ ಆ ಹೆಸರನ್ನೇ ಒಪ್ಪಲಿಲ್ಲ. ಗ್ರೀಸ್‌ನ ಉತ್ತರ ಭಾಗದ ಪ್ರಾಂತ್ಯಕ್ಕೂ ಮ್ಯಾಸಿಡೋನಿಯಾ ಎಂದೇ ಹೆಸರು. ಅಲೆಕ್ಸಾಂಡರ್ ಚಕ್ರವರ್ತಿಯ ಪರಂಪರೆ ತನ್ನದು; ಅದೇ ಹೆಸರಿನ ದೇಶ ಮುಂದೊಂದು ದಿನ ತನ್ನ ನೆಲದ ಮೇಲೂ ಹಕ್ಕು ಸಾಧಿಸಬಹುದು ಎಂಬುದು ಗ್ರೀಸ್‌ನ ವಾದವಾಗಿತ್ತು. ಹೀಗಾಗಿ 1993ರಲ್ಲಿ ಆ ರಾಷ್ಟ್ರ ವಿಶ್ವಸಂಸ್ಥೆಯನ್ನು ಸೇರಿದ್ದು 'ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ' ಎಂಬ ತಾತ್ಕಾಲಿಕ ಉಲ್ಲೇಖದೊಂದಿಗೆ. 1994ರಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನವನ್ನೂ ಹೇರಿತು. ಮರುವರ್ಷ ಮಧ್ಯಂತರ ಒಪ್ಪಂದವೊಂದು ಏರ್ಪಟ್ಟು, ಮ್ಯಾಸಿಡೋನಿಯಾ ತನ್ನ ಧ್ವಜವನ್ನು ಬದಲಾಯಿಸಿದ ಮೇಲೆ ದಿಗ್ಬಂಧನ ತೆರವಾಯಿತು.

2003ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ನಾಯಕರು ಗ್ರೀಸ್‌ನ ಥೆಸಲೋನಿಕಿ ನಗರದಲ್ಲಿ ಸಭೆ ಸೇರಿ, ಪಶ್ಚಿಮ ಬಾಲ್ಕನ್ ರಾಷ್ಟ್ರಗಳ ಭವಿಷ್ಯ ಒಕ್ಕೂಟದೊಳಗೇ ಇದೆ ಎಂಬ ವಾಗ್ದಾನ ನೀಡಿದರು. ಥೆಸಲೋನಿಕಿ ಗ್ರೀಕ್ ಮ್ಯಾಸಿಡೋನಿಯಾದ ಪ್ರಮುಖ ನಗರ ಎಂಬುದು ಗಮನಾರ್ಹ. ಮರುವರ್ಷ ಸ್ಕೋಪಿಯೆ ಅರ್ಜಿ ಸಲ್ಲಿಸಿತು. 2005ರಲ್ಲಿ ಅಭ್ಯರ್ಥಿ ಸ್ಥಾನ ಗಿಟ್ಟಿಸಿತು. 2009ರಲ್ಲಿ ಮಾತುಕತೆ ಆರಂಭಿಸಬಹುದೆಂದು ಐರೋಪ್ಯ ಆಯೋಗ ಶಿಫಾರಸು ಮಾಡಿತು. ಗ್ರೀಸ್ ಪಟ್ಟು ಸಡಿಲಿಸದ ಕಾರಣ ಶಿಫಾರಸು ನೆನೆಗುದಿಗೆ ಬಿತ್ತು. ನ್ಯಾಟೊ ಸೇರ್ಪಡೆಗೂ 2008ರಲ್ಲಿ ಗ್ರೀಸ್ ಅಡ್ಡಗಾಲು ಹಾಕಿತ್ತು. ಇದು 1995ರ ಒಪ್ಪಂದದ ಉಲ್ಲಂಘನೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2011ರ ಡಿಸೆಂಬರ್‌ನಲ್ಲಿ ತೀರ್ಪಿತ್ತರೂ ಪರಿಸ್ಥಿತಿ ಬದಲಾಗಲಿಲ್ಲ.

2017ರಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಝೊರಾನ್ ಝಾಯೆವ್ ರಾಜಿಯ ಹಾದಿ ಹಿಡಿದರು. ಸ್ಕೋಪಿಯೆ ವಿಮಾನ ನಿಲ್ದಾಣಕ್ಕಿದ್ದ ಅಲೆಕ್ಸಾಂಡರನ ಹೆಸರನ್ನು 2018ರಲ್ಲಿ ತೆಗೆಯಲಾಯಿತು. ಅದೇ ವರ್ಷ ಜೂನ್ 17ರಂದು ಝಾಯೆವ್ ಮತ್ತು ಗ್ರೀಸ್ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಸಮ್ಮುಖದಲ್ಲಿ ಪ್ರೆಸ್ಪಾ ಸರೋವರದ ದಂಡೆಯ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಹೊಸ ಹೆಸರು: ಉತ್ತರ ಮ್ಯಾಸಿಡೋನಿಯಾ ಗಣರಾಜ್ಯ.

ಈ ಒಪ್ಪಂದ ಎರಡೂ ದೇಶಗಳಲ್ಲಿ ಜನಪ್ರಿಯವಾಗಿರಲಿಲ್ಲ. 2018ರ ಸೆಪ್ಟೆಂಬರ್ 30ರಂದು ಮ್ಯಾಸಿಡೋನಿಯಾದಲ್ಲಿ ನಡೆದ ಸಲಹಾತ್ಮಕ ಜನಮತಗಣನೆಯಲ್ಲಿ ಮತ ಚಲಾಯಿಸಿದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಸೂಚಿಸಿದರು. ಆದರೆ ಮತದಾನದ ಪ್ರಮಾಣ ಶೇ 37ರ ಆಸುಪಾಸಿನಲ್ಲಿತ್ತು. ವಿರೋಧಿಗಳು ಮನೆಯಲ್ಲೇ ಉಳಿದಿದ್ದರು. ಕೊನೆಗೆ ಸಂಸತ್ತು 2019ರ ಜನವರಿಯಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಸಂವಿಧಾನ ತಿದ್ದುಪಡಿ ಮಾಡಿತು. ಗ್ರೀಸ್ ಸಂಸತ್ತಿನಲ್ಲಿ 300 ಸದಸ್ಯರ ಪೈಕಿ 153 ಮಂದಿಯ ಬೆಂಬಲ ದೊರೆಯಿತು. ಮರುವರ್ಷದ ಮಾರ್ಚ್‌ನಲ್ಲಿ ನ್ಯಾಟೊ ಬಾಗಿಲು ತೆರೆಯಿತು.

ಆದರೆ ಐರೋಪ್ಯ ಒಕ್ಕೂಟ ಮಾತ್ರ ಮನಸ್ಸು ಮಾಡಲಿಲ್ಲ. 2019ರ ಅಕ್ಟೋಬರ್ ಶೃಂಗಸಭೆಯಲ್ಲಿ ಫ್ರಾನ್ಸ್ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್, ವಿಸ್ತರಣೆಯ ವಿಧಾನವೇ ಮೊದಲು ಸುಧಾರಣೆಯಾಗಬೇಕೆಂದು ಹೇಳಿ ಮಾತುಕತೆಗೆ ತಡೆಯೊಡ್ಡಿದರು. ಇದು ಐತಿಹಾಸಿಕ ಪ್ರಮಾದ ಎಂದು ಆಗಿನ ಆಯೋಗದ ಅಧ್ಯಕ್ಷ ಜಾನ್ ಕ್ಲಾಡ್ ಯುಂಕರ್ ಬಹಿರಂಗವಾಗಿಯೇ ಟೀಕಿಸಿದರು. ಹೆಸರನ್ನೇ ಪಣಕ್ಕಿಟ್ಟಿದ್ದ ಝಾಯೆವ್ ಅವಧಿಗೆ ಮುನ್ನವೇ ಚುನಾವಣೆ ಘೋಷಿಸಬೇಕಾಯಿತು.

ಈಗ ಭಾಷೆ, ಇತಿಹಾಸದ ತಕರಾರು

ವಿಧಾನ ಪರಿಷ್ಕರಣೆಯಾದ ಬಳಿಕ 2020ರ ಮಾರ್ಚ್‌ನಲ್ಲಿ ಮಾತುಕತೆಗೆ ಹಸಿರು ನಿಶಾನೆ ದೊರೆಯಿತು. ಆದರೆ ನವೆಂಬರ್‌ನಲ್ಲಿ ಬಲ್ಗೇರಿಯಾ ತಡೆ ಹಾಕಿತು. ಮ್ಯಾಸಿಡೋನಿಯಾದ ಸ್ವಾತಂತ್ರ್ಯವನ್ನು 1992ರಲ್ಲಿ ಎಲ್ಲರಿಗಿಂತ ಮೊದಲು ಮಾನ್ಯ ಮಾಡಿದ್ದೇ ಬಲ್ಗೇರಿಯಾ. ಆದರೆ ಅದರ ದೃಷ್ಟಿಯಲ್ಲಿ ಮ್ಯಾಸಿಡೋನಿಯನ್ ಎಂಬುದು ಪ್ರತ್ಯೇಕ ಭಾಷೆಯಲ್ಲ, ಬಲ್ಗೇರಿಯನ್ ಭಾಷೆಯ ಒಂದು ರೂಪ. ಒಟ್ಟೊಮನ್ ಆಳ್ವಿಕೆಯ ವಿರುದ್ಧ ಹೋರಾಡಿ 1903ರಲ್ಲಿ ಮಡಿದ ಗೋಟ್ಸೆ ಡೆಲ್ಚೆವ್ ಯಾರ ವೀರ ಎಂಬ ಬಗ್ಗೆಯೂ ಎರಡು ದೇಶಗಳ ನಡುವೆ ಒಮ್ಮತವಿಲ್ಲ. 2017ರ ಸ್ನೇಹ ಒಪ್ಪಂದದಂತೆ ರಚಿತವಾದ ಇತಿಹಾಸಕಾರರ ಜಂಟಿ ಸಮಿತಿಯ ಮುಂದೆ ಇಂಥ ಪ್ರಶ್ನೆಗಳಿವೆ.

ಕೋಪನ್‌ಹೇಗನ್ ಮಾನದಂಡಗಳಲ್ಲಿ ಶತಮಾನದ ಹಿಂದಿನ ವೀರನ ರಾಷ್ಟ್ರೀಯತೆಯ ಪ್ರಸ್ತಾಪವಿಲ್ಲ. ಆದರೂ ಸರ್ವಾನುಮತದ ನಿಯಮ ಇರುವವರೆಗೆ ಸದಸ್ಯ ರಾಷ್ಟ್ರವೊಂದು ತನ್ನ ಯಾವುದೇ ಅಹವಾಲನ್ನು ಮೇಜಿನ ಮೇಲಿಡಬಹುದು. 2022ರಲ್ಲಿ ಫ್ರಾನ್ಸ್ ಮಧ್ಯಸ್ಥಿಕೆಯಲ್ಲಿ ಸೂತ್ರವೊಂದು ರೂಪುಗೊಂಡಿತು. ಉತ್ತರ ಮ್ಯಾಸಿಡೋನಿಯಾ ತನ್ನ ಸಂವಿಧಾನದಲ್ಲಿ ಅಲ್ಲಿನ ಬಲ್ಗೇರಿಯನ್ನರ ಹೆಸರನ್ನು ಸೇರಿಸಬೇಕು, ಅನಂತರವೇ ಅಧ್ಯಾಯಗಳು ತೆರೆಯುತ್ತವೆ ಎಂಬುದು ಅದರ ತಿರುಳು. ಜುಲೈ 19ರಂದು ಮೊದಲ ಸಮಾವೇಶವೇನೋ ನಡೆಯಿತು.

2021ರ ಜನಗಣತಿಯಲ್ಲಿ ತಾವು ಬಲ್ಗೇರಿಯನ್ನರೆಂದು ನಮೂದಿಸಿದವರ ಸಂಖ್ಯೆ ಸುಮಾರು 3,500. ಸಂಖ್ಯೆ ಚಿಕ್ಕದಾದರೂ ತಿದ್ದುಪಡಿಗೆ 120 ಸದಸ್ಯರ ಸಂಸತ್ತಿನಲ್ಲಿ 80 ಮತಗಳು ಬೇಕು. ಇದನ್ನು ವಿರೋಧಿಸಿದ ಬಲಪಂಥೀಯ ಪಕ್ಷವೇ 2024ರ ಮೇ ತಿಂಗಳ ಚುನಾವಣೆಯಲ್ಲಿ ಭಾರಿ ಗೆಲುವು ಸಾಧಿಸಿತು. ಒಮ್ಮೆ ಬಾಗಿದ್ದಾಯಿತು, ಇನ್ನೊಮ್ಮೆ ಬಾಗಿದರೆ ಮತ್ತೊಂದು ಬೇಡಿಕೆ ಬರುವುದಿಲ್ಲವೆಂದು ಯಾರು ಖಾತರಿ ಕೊಡುತ್ತಾರೆ ಎಂಬುದು ಅಲ್ಲಿನ ಮತದಾರರ ಪ್ರಶ್ನೆ. 2025 ಮುಗಿದರೂ ತಿದ್ದುಪಡಿ ಆಗಲಿಲ್ಲ. ಬಲ್ಗೇರಿಯಾದ ನಿಲುವೂ ಬದಲಾಗಲಿಲ್ಲ. ಜೊತೆಯಲ್ಲೇ ಹೆಜ್ಜೆ ಹಾಕುತ್ತಿದ್ದ ಅಲ್ಬೇನಿಯಾವನ್ನು ಒಕ್ಕೂಟ 2024ರಲ್ಲಿ ಬೇರ್ಪಡಿಸಿ ಮುಂದಕ್ಕೆ ಕರೆದೊಯ್ದಿತು. 2025ರ ನವೆಂಬರ್ ವೇಳೆಗೆ ಅದಕ್ಕೆ ಆರೂ ಗುಚ್ಛಗಳು ತೆರೆದಿದ್ದವು.

ಒಬ್ಬೊಬ್ಬರಿಗೆ ಒಂದೊಂದು ಅಡ್ಡಿ

ಎಲ್ಲ ವಿಳಂಬಕ್ಕೂ ಸದಸ್ಯರ ಹಟವೇ ಕಾರಣ ಎಂದರೆ ತಪ್ಪಾದೀತು. ಟರ್ಕಿ 1987ರಲ್ಲೇ ಅರ್ಜಿ ಹಾಕಿತ್ತು. ಮಾತುಕತೆ 2005ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಸೈಪ್ರಸ್ ವಿವಾದ ಮೊದಲ ತೊಡಕಾದರೆ, ಪ್ರಜಾಪ್ರಭುತ್ವ ಮತ್ತು ನ್ಯಾಯಾಂಗ ಸ್ವಾತಂತ್ರ್ಯದ ಕುಸಿತ ಎರಡನೆಯದು. ಮಾತುಕತೆ ಸ್ಥಗಿತಗೊಂಡಿದೆ ಎಂದು 2018ರಲ್ಲಿ ಒಕ್ಕೂಟವೇ ಪ್ರಕಟಿಸಿತು.

ಸರ್ಬಿಯಾದೊಂದಿಗೆ 2014ರಲ್ಲಿ ಮಾತುಕತೆ ಶುರುವಾಯಿತು. 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊ ಜೊತೆಗಿನ ಸಂಬಂಧ ಸುಧಾರಿಸದೆ ಅದು ಮುಂದೆ ಸಾಗಲಾರದು. ಉಕ್ರೇನ್ ಯುದ್ಧದ ನಂತರ ರಷ್ಯಾ ಮೇಲಿನ ನಿರ್ಬಂಧಗಳಿಗೆ ಕೈಜೋಡಿಸದಿರುವುದೂ ಅದಕ್ಕೆ ಮುಳುವಾಗಿದೆ. ಕೊಸೊವೊದ ಸಂಕಷ್ಟ ಇನ್ನೂ ವಿಚಿತ್ರ: ಸ್ಪೇನ್, ಗ್ರೀಸ್, ಸೈಪ್ರಸ್, ರುಮೇನಿಯಾ, ಸ್ಲೊವಾಕಿಯಾ ಈ ಐದು ಸದಸ್ಯರು ಅದನ್ನು ದೇಶವೆಂದೇ ಮಾನ್ಯ ಮಾಡಿಲ್ಲ. ಬೋಸ್ನಿಯಾದಲ್ಲಿ 1995ರ ಡೇಟನ್ ಒಪ್ಪಂದ ಯುದ್ಧವನ್ನು ನಿಲ್ಲಿಸಿತಾದರೂ, ಅದು ರೂಪಿಸಿದ ಸಂವಿಧಾನ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಸಮುದಾಯಗಳಿಗೆ ಸೇರದವರು ರಾಷ್ಟ್ರಾಧ್ಯಕ್ಷ ಮಂಡಳಿಗೆ ಸ್ಪರ್ಧಿಸದಂತೆ ನಿರ್ಬಂಧಿಸಿತು. ಇದು ತಾರತಮ್ಯವೆಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲೇ ತೀರ್ಪು ನೀಡಿತ್ತು.

ಉಕ್ರೇನ್ ಅರ್ಜಿ ಹಾಕಿದ್ದು ರಷ್ಯಾದ ಆಕ್ರಮಣ ಆರಂಭವಾದ ನಾಲ್ಕೇ ದಿನಕ್ಕೆ, 2022ರ ಫೆಬ್ರುವರಿ 28ರಂದು. 2023ರ ಡಿಸೆಂಬರ್ 14ರಂದು ಮಾತುಕತೆ ಆರಂಭಿಸುವ ನಿರ್ಣಯ ಕೈಗೊಂಡಾಗ, ಅದನ್ನು ವಿರೋಧಿಸುತ್ತಿದ್ದ ಹಂಗೇರಿ ಪ್ರಧಾನಿ ವಿಕ್ಟರ್ ಓರ್ಬನ್ ಸಭಾಂಗಣದಿಂದ ಹೊರಗೆ ಹೋಗಿದ್ದರು. ಉಳಿದ 26 ಮಂದಿ ಒಪ್ಪಿಗೆ ನೀಡಿದರು. ಔಪಚಾರಿಕ ಮಾತುಕತೆ 2024ರ ಜೂನ್ 25ರಂದು ಶುರುವಾಯಿತಾದರೂ ಹಂಗೇರಿಯ ತಡೆಯಿಂದಾಗಿ 2025ರುದ್ದಕ್ಕೂ ಒಂದು ಗುಚ್ಛವೂ ತೆರೆಯಲಿಲ್ಲ. ಉಕ್ರೇನ್ ಜೊತೆ ಸಾಗುತ್ತಿದ್ದ ಮಾಲ್ಡೋವಾ ಕೂಡ ಅಲ್ಲೇ ನಿಲ್ಲಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಆ ದೇಶದ ಮತದಾರರು ಸದಸ್ಯತ್ವದ ಗುರಿಯನ್ನು ಸಂವಿಧಾನದಲ್ಲಿ ಸೇರಿಸಲು ಕೂದಲೆಳೆಯ ಅಂತರದಿಂದ ಒಪ್ಪಿದ್ದರು. ಇದಕ್ಕೆ ವ್ಯತಿರಿಕ್ತವಾಗಿ ಜಾರ್ಜಿಯಾ ಸರ್ಕಾರ, 2028ರ ಕೊನೆಯವರೆಗೆ ಪ್ರವೇಶ ಮಾತುಕತೆಯ ವಿಷಯ ಕೈಗೆತ್ತಿಕೊಳ್ಳುವುದಿಲ್ಲವೆಂದು 2024ರ ನವೆಂಬರ್‌ನಲ್ಲಿ ಘೋಷಿಸಿ ಜನರ ಭಾರಿ ಪ್ರತಿಭಟನೆ ಎದುರಿಸಿತು.

ಎಲ್ಲರಿಗಿಂತ ಮುಂದಿರುವುದು ಮಾಂಟೆನೆಗ್ರೊ. 2006ರಲ್ಲಿ ಸ್ವತಂತ್ರವಾಗಿ, 2012ರಲ್ಲಿ ಮಾತುಕತೆ ಆರಂಭಿಸಿದ ಈ ದೇಶ, ಚರ್ಚೆಗೆ ಬರುವ 33 ಅಧ್ಯಾಯಗಳನ್ನೂ 2020ರ ವೇಳೆಗೆ ತೆರೆದಿತ್ತು. 2028ಕ್ಕೆ 28ನೇ ಸದಸ್ಯನಾಗುವುದು ಅದು ಹಾಕಿಕೊಂಡಿರುವ ಗುರಿ.

ಹಳಬರ ಅಂಜಿಕೆಯೂ ಸುಳ್ಳಲ್ಲ

ಒಳಗಿರುವವರ ಹಿಂಜರಿಕೆಗೂ ಕಾರಣಗಳುಂಟು. 2004ರ ಮೇ 1ರಂದು ಒಟ್ಟಿಗೇ ಹತ್ತು ರಾಷ್ಟ್ರಗಳು, 2007ರಲ್ಲಿ ರುಮೇನಿಯಾ ಮತ್ತು ಬಲ್ಗೇರಿಯಾ ಸೇರಿದವು. ಕೊನೆಯ ಎರಡು ದೇಶಗಳ ನ್ಯಾಯಾಂಗ ಸುಧಾರಣೆಯ ಮೇಲೆ ಪ್ರವೇಶದ ನಂತರವೂ 2023ರವರೆಗೆ ವಿಶೇಷ ನಿಗಾ ಇರಿಸಬೇಕಾಯಿತು. ಒಳಗೆ ಬಂದ ಮೇಲೆ ಸದಸ್ಯನೊಬ್ಬ ಕಾನೂನಿನ ಆಡಳಿತದಿಂದ ಹಿಂದೆ ಸರಿದರೆ ಹೊರಹಾಕುವ ವ್ಯವಸ್ಥೆಯೇ ಒಪ್ಪಂದದಲ್ಲಿ ಇಲ್ಲ. ಅಪಾರ ಕೃಷಿಭೂಮಿಯುಳ್ಳ ಉಕ್ರೇನ್ ಬಂದರೆ ಸಹಾಯಧನದ ಹಂಚಿಕೆ ಬದಲಾಗುತ್ತದೆ. ಇಂದು ಪಡೆಯುವವರು ನಾಳೆ ಕೊಡುವವರಾಗಬೇಕಾದೀತು.

ಹೀಗಾಗಿ ಮಧ್ಯದ ಹಂತಗಳಲ್ಲಿ ಸರ್ವಾನುಮತದ ಬದಲು ಬಹುಮತ ಸಾಕು, ಕೊನೆಯ ತೀರ್ಮಾನಕ್ಕೆ ಮಾತ್ರ ಸರ್ವಾನುಮತ ಇರಲಿ ಎಂಬ ಸಲಹೆ ಚರ್ಚೆಯಲ್ಲಿದೆ. ಪೂರ್ಣ ಸದಸ್ಯತ್ವಕ್ಕೆ ಮೊದಲೇ ಮಾರುಕಟ್ಟೆಯ ಕೆಲವು ಸೌಲಭ್ಯ ನೀಡುವ ಯತ್ನವೂ ನಡೆದಿದೆ. ಪಶ್ಚಿಮ ಬಾಲ್ಕನ್ನಿಗೆ 2024ರಿಂದ 2027ರವರೆಗೆ 600 ಕೋಟಿ ಯೂರೊ ನೆರವು ಮತ್ತು ಸಾಲದ ಯೋಜನೆ ಈ ದಿಸೆಯದೇ. ಆದರೆ ನಿಯಮ ಬದಲಿಸಲೂ ಎಲ್ಲರ ಒಪ್ಪಿಗೆ ಬೇಕು. ವೀಟೊ ಅಧಿಕಾರವನ್ನು ಬಿಟ್ಟುಕೊಡಲು ಸಣ್ಣ ರಾಷ್ಟ್ರಗಳು ಸುಲಭವಾಗಿ ಸಿದ್ಧವಾಗವು.

ಕಾಯುವುದಕ್ಕೂ ಬೆಲೆಯುಂಟು

ವರ್ಷಗಟ್ಟಲೆ ಕಾದವರಿಗೆ ಆಗುವ ನಷ್ಟ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. 2002ರಲ್ಲಿ 20 ಲಕ್ಷ ದಾಟಿದ್ದ ಉತ್ತರ ಮ್ಯಾಸಿಡೋನಿಯಾದ ಜನಸಂಖ್ಯೆ 2021ರಲ್ಲಿ 18.4 ಲಕ್ಷಕ್ಕೆ ಇಳಿಯಿತು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಯುವಜನರ ವಲಸೆ. ದೇಶ ಒಕ್ಕೂಟಕ್ಕೆ ಹೋಗದಿದ್ದರೇನಂತೆ, ತಾವೇ ಹೋಗುತ್ತೇವೆಂದು ಅವರು ಹೊರಟರು. ಸಾವಿರಾರು ಮಂದಿ ತಮ್ಮ ಪೂರ್ವಜರು ಬಲ್ಗೇರಿಯನ್ನರೆಂದು ದಾಖಲಿಸಿ ಬಲ್ಗೇರಿಯಾದ ಪಾಸ್‌ಪೋರ್ಟ್ ಪಡೆದಿದ್ದಾರೆ. ತಮ್ಮ ದೇಶದ ದಾರಿಗೆ ಅಡ್ಡ ನಿಂತ ರಾಷ್ಟ್ರದ ಪಾಸ್‌ಪೋರ್ಟೇ ಅವರಿಗೆ ಜರ್ಮನಿಯಲ್ಲಿ ಕೆಲಸ ಕೊಡಿಸುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ನಂಬಿಕೆಯದ್ದು. ಭ್ರಷ್ಟಾಚಾರ ತಡೆಯುವ, ನ್ಯಾಯಾಂಗ ಸುಧಾರಿಸುವ ಅಪ್ರಿಯ ಕೆಲಸಕ್ಕೆ ರಾಜಕಾರಣಿ ಕೈಹಾಕುವುದು ಅದರ ಫಲವಾಗಿ ಸದಸ್ಯತ್ವ ಸಿಗುತ್ತದೆ ಎಂಬ ಭರವಸೆಯಿಂದ. ಫಲ ನೆರೆಯವನ ಮರ್ಜಿಯನ್ನು ಅವಲಂಬಿಸಿದೆ ಎಂದಾದರೆ ಅಂಥ ರಾಜಕಾರಣಿ ಮತದಾರರ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. 2021ರ ಸ್ಥಳೀಯ ಚುನಾವಣೆಯ ಸೋಲಿನ ನಂತರ ಝಾಯೆವ್ ಪ್ರಧಾನಿ ಹುದ್ದೆ ತ್ಯಜಿಸಲು ತೀರ್ಮಾನಿಸಿದರು. ರಾಜಿಗೆ ಮುಂದಾದ ನಾಯಕನಿಗೆ ಆದದ್ದನ್ನು ಸರ್ಬಿಯಾ, ಕೊಸೊವೊ, ಬೋಸ್ನಿಯಾಗಳ ನಾಯಕರೂ ನೋಡಿದ್ದಾರೆ. ಮುಂದೆ ಅವರಿಂದ ಅಂಥದೇ ರಾಜಿಯನ್ನು ಕೇಳುವಾಗ ಐರೋಪ್ಯ ಒಕ್ಕೂಟ ಉತ್ತರಿಸಬೇಕಾದ ಮೊದಲ ಪ್ರಶ್ನೆ, ಸ್ಕೋಪಿಯೆಗೆ ಕೊಟ್ಟ ಮಾತು ಏನಾಯಿತು ಎಂಬುದೇ ಆಗಿರುತ್ತದೆ.